ಎಲ್ಲಿಂದ, ಎಲ್ಲಿಗೆ, ಎಷ್ಟು ಮಂದಿ: ಆಬ್ಜೆಕ್ಟಿವ್-ಸಿಯಲ್ಲಿ ಮೆಥಡ್ ಬರೆಯುವ ಬಗೆ

ನವನಗರದ ಬಿಆರ್‌ಟಿಎಸ್ ನಿಲ್ದಾಣದ ಕೌಂಟರಿನಲ್ಲಿ "ಧಾರವಾಡಕ್ಕ ಎರಡು ಕೊಡ್ರಿ" ಎಂದರೆ ಸಾಕು, ಟಿಕೆಟು ಕೈಗೆ ಬರುತ್ತದೆ. ಕೇಳಿದವರು ಹೇಳಿದ್ದು ಎರಡು ಸಂಗತಿ ಮಾತ್ರ: ಎಲ್ಲಿಗೆ, ಎಷ್ಟು. ಎಲ್ಲಿಂದ ಎಂಬುದನ್ನು ಯಾರೂ ಹೇಳಲಿಲ್ಲ, ಅದು ಕೌಂಟರಿಗೇ ಗೊತ್ತು. ಇದೇ ಲೆಕ್ಕವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸಬೇಕಾದರೆ ಏನೇನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು, ಹೇಳದೇ ಬಿಡಬಹುದಾದದ್ದು ಯಾವುದು ಎಂದು ಮೊದಲೇ ಗೊತ್ತುಮಾಡಬೇಕು. ಹಾಗೆ ಗೊತ್ತುಮಾಡಿ ಬರೆದಿಡುವುದಕ್ಕೆ ಮೆಥಡ್ ಘೋಷಣೆ ಎನ್ನುತ್ತಾರೆ. ಹೇಳಬೇಕಾದ ಒಂದೊಂದು ಸಂಗತಿಯೂ ಒಂದೊಂದು ಪ್ಯಾರಾಮೀಟರು.

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ತನ್ನದೇ ಹಾದಿಯಲ್ಲಿ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನ ಸೇವೆ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅಲ್ಲಿ ಬಸ್ ಹತ್ತುವ ಮೊದಲೇ ನಿಲ್ದಾಣದಲ್ಲಿ ಟಿಕೆಟ್ ಕೊಳ್ಳಬೇಕು. ಈ ಲೇಖನದ ಉದಾಹರಣೆಗಳೆಲ್ಲ ಆ ಪದ್ಧತಿಯ ಸುತ್ತ ಕಟ್ಟಿದವು. ಕಲಿಕೆಗೆಂದು ಬರೆದ ಪುಟ್ಟ ಕೋಡುಗಳಷ್ಟೇ ಇವು, ಬಿಆರ್‌ಟಿಎಸ್‌ನವರ ತಂತ್ರಾಂಶವಲ್ಲ.

ನಮ್ಮ ಕಡೆಯ ಡಿಪ್ಲೊಮಾ, ಬಿ.ಇ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಕಲಿಯುವ ಭಾಷೆ ಸಿ. ಅವರಿಗೆ ಆಬ್ಜೆಕ್ಟಿವ್-ಸಿ ಹೊಸದಾಗಿ ತೋರುವುದು ಅದರ ಚೌಕ ಆವರಣ, ಕೋಲನ್, ಅಡ್ಡಗೆರೆಗಳ ಕಾರಣಕ್ಕೆ. ಇವುಗಳಲ್ಲಿ ಕೋಲನ್ ಬಂದದ್ದು ಸ್ಮಾಲ್‌ಟಾಕ್ ಎಂಬ ಇನ್ನೊಂದು ಭಾಷೆಯಿಂದ. 1980ರ ದಶಕದ ಆರಂಭದಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಸಿ ಭಾಷೆಯನ್ನು ಇದ್ದಂತೆಯೇ ಉಳಿಸಿಕೊಂಡು ಅದರ ಮೇಲೆ ಸ್ಮಾಲ್‌ಟಾಕ್‌ನ ಸಂದೇಶ ಕಳಿಸುವ ಪದ್ಧತಿಯನ್ನು ಕೂರಿಸಿದರು. 1988ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಅದರ ಪರವಾನಗಿ ಪಡೆಯಿತು. ಆಪಲ್ ಆ ಕಂಪನಿಯನ್ನು ಕೊಂಡ ಮೇಲೆ ಮ್ಯಾಕ್‌ಗೂ, 2008ರಿಂದ ಹೊರಗಿನವರು ಬರೆದ ಐಫೋನ್ ಆ್ಯಪ್‌ಗಳಿಗೂ ಅದೇ ಭಾಷೆಯಾಯಿತು. 2014ರಲ್ಲಿ ಆಪಲ್‌ನ ಹೊಸ ಭಾಷೆ ಸ್ವಿಫ್ಟ್ ಬಂತು; ಇವತ್ತು ಹೊಸ ಆ್ಯಪ್ ಶುರುಮಾಡುವವರು ಸ್ವಿಫ್ಟ್‌ನಲ್ಲೇ ಮಾಡಲಿ ಎಂಬುದು ನನ್ನ ಸಲಹೆಯೂ ಹೌದು. ಆದರೆ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಮೇಜಿಗೆ ಬರುವುದು ಬಹಳ ಸಲ ಹತ್ತು ವರ್ಷ ಹಳೆಯ, ಇನ್ನೂ ಓಡುತ್ತಿರುವ ಕೋಡು. ಅದನ್ನು ಓದಲು ಬಾರದಿದ್ದರೆ ತಿದ್ದಲೂ ಬಾರದು.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಭಾಷೆಯೂ ಅದರ ಲೈಬ್ರರಿಯೂ ಕೊಡುವ ಪದಗಳಾದ ಇಂಟ್, ವಾಯ್ಡ್, ಎನ್‌ಎಸ್‌ಸ್ಟ್ರಿಂಗ್, ರಿಟರ್ನ್, ಸೆಲ್ಫ್ ಮೊದಲಾದವನ್ನು ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ನಾವಾಗಿ ಇಡುವ ಹೆಸರುಗಳು ಮಾತ್ರ ಕನ್ನಡದಲ್ಲೇ ಇದ್ದರೂ ನಡೆಯುತ್ತದೆ. ಆಪಲ್ ಬಳಸುವ ಕ್ಲಾಂಗ್ ಕಂಪೈಲರು ಕನ್ನಡ ಅಕ್ಷರಗಳನ್ನು ಹೆಸರಿನಲ್ಲಿ ಒಪ್ಪುತ್ತದೆ. ಹೆಸರಿನ ನಡುವೆ ಜಾಗ ಬಿಡುವಂತಿಲ್ಲ. ಒತ್ತಕ್ಷರವನ್ನು ಬಿಡಿಸಿ ತೋರಿಸಲು ಟೈಪ್ ಮಾಡುವ, ಕಣ್ಣಿಗೆ ಕಾಣದ ಆ ಅಕ್ಷರವೂ ಹೆಸರಿನೊಳಗೆ ನುಸುಳದಿರಲಿ. ನೋಡಲು ಒಂದೇ ಆಗಿರುವ ಎರಡು ಹೆಸರು ಕಂಪೈಲರಿಗೆ ಬೇರೆ ಬೇರೆಯಾಗಿ ಕಾಣುತ್ತವೆ, ತಪ್ಪು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಕಂಪನಿಯ ಕೆಲಸದಲ್ಲಿ ಎಲ್ಲರೂ ಇಂಗ್ಲಿಷ್ ಹೆಸರನ್ನೇ ಇಡುತ್ತಾರೆ. ಆದರೂ ಕಲಿಯುವಾಗ ಕನ್ನಡದ ಹೆಸರಿಡುವುದರಿಂದ ಒಂದು ದೊಡ್ಡ ಲಾಭವಿದೆ: ಯಾವುದು ಭಾಷೆಯ ಪದ, ಯಾವುದು ನಾನು ಇಟ್ಟ ಹೆಸರು ಎಂಬುದು ಒಂದೇ ನೋಟಕ್ಕೆ ಬೇರೆಯಾಗಿ ಕಾಣುತ್ತದೆ. ಹೊಸಬರನ್ನು ಹೆಚ್ಚು ಕಾಡುವುದು ಇದೇ ಗೊಂದಲ.

ಈಗ ಅತಿ ಚಿಕ್ಕ ಘೋಷಣೆ:

- (ವಾಯ್ಡ್)ಬಾಗಿಲುತೆರೆ;

ಮೊದಲಿನ ಅಡ್ಡಗೆರೆಯ ಅರ್ಥ, ಈ ಮೆಥಡ್ ಒಂದು ನಿರ್ದಿಷ್ಟ ಆಬ್ಜೆಕ್ಟಿಗೆ ಸೇರಿದ್ದು; ಎಲ್ಲ ಬಸ್ಸುಗಳ ಬಾಗಿಲಲ್ಲ, ಈ ಒಂದು ಬಸ್ಸಿನ ಬಾಗಿಲು. ಆವರಣದಲ್ಲಿರುವುದು ಮೆಥಡ್ ಮರಳಿಸುವ ಉತ್ತರದ ಬಗೆ. ವಾಯ್ಡ್ ಎಂದರೆ ಉತ್ತರವೇನೂ ಇಲ್ಲ, ಕೆಲಸ ಮಾಡಿದರಾಯಿತು. ಆಮೇಲೆ ಹೆಸರು, ಕೊನೆಗೆ ಸೆಮಿಕೋಲನ್. ಪ್ಯಾರಾಮೀಟರ್ ಇಲ್ಲದ್ದರಿಂದ ಕೋಲನ್ ಇಲ್ಲ. ಸಿ ಭಾಷೆಯ ಅಭ್ಯಾಸದಿಂದ ಹೆಸರಿನ ಮುಂದೆ ಖಾಲಿ ಆವರಣ ಹಾಕುವವರು ಬಹಳ ಮಂದಿ. ಇಲ್ಲಿ ಅದು ತಪ್ಪು.

ಒಂದು ಪ್ಯಾರಾಮೀಟರ್ ಬಂದ ಕೂಡಲೇ ಕೋಲನ್ ಬರುತ್ತದೆ:

- (ವಾಯ್ಡ್)ಫಲಕಬರೆ:(ಎನ್‌ಎಸ್‌ಸ್ಟ್ರಿಂಗ್ *)ಊರು;

ಕೋಲನ್ ಆದ ಮೇಲೆ ಆವರಣದಲ್ಲಿ ಬಗೆ (ಎನ್‌ಎಸ್‌ಸ್ಟ್ರಿಂಗ್ ಎಂದರೆ ಬರಹವನ್ನು ಹಿಡಿದಿಡುವ ಆಬ್ಜೆಕ್ಟು), ಅದರ ಮುಂದೆ ಒಳಗಿನ ಹೆಸರು. ಬಸ್ಸಿನ ಮುಂಭಾಗದ ಫಲಕದಲ್ಲಿ ಯಾವ ಊರು ಮೂಡಬೇಕೋ ಅದನ್ನು ಮೆಥಡ್ಡಿನ ಒಳಗೆ "ಊರು" ಎಂಬ ಹೆಸರಿನಿಂದ ಬಳಸುತ್ತೇವೆ. ನಕ್ಷತ್ರದ ಗುರುತನ್ನು ಮರೆಯುವಂತಿಲ್ಲ: ಆಬ್ಜೆಕ್ಟಿವ್-ಸಿಯಲ್ಲಿ ಆಬ್ಜೆಕ್ಟನ್ನು ಸದಾ ಅದರ ವಿಳಾಸದ ಮೂಲಕವೇ ಹಿಡಿಯುತ್ತೇವೆ, ನಕ್ಷತ್ರ ಅದನ್ನೇ ಹೇಳುತ್ತದೆ. ಇಂಟ್‌ನಂಥ ಬರೀ ಅಂಕಿಗೆ ನಕ್ಷತ್ರ ಬೇಡ.

ಮೂರು ಪ್ಯಾರಾಮೀಟರಿನ ಮೆಥಡ್ ನೋಡಿದಾಗ ಈ ಭಾಷೆಯ ನಿಜವಾದ ಗುಣ ಗೊತ್ತಾಗುತ್ತದೆ:

- (ಇಂಟ್)ದರ_ಎಲ್ಲಿಂದ:(ಎನ್‌ಎಸ್‌ಸ್ಟ್ರಿಂಗ್ *)ಮೂಲ ಎಲ್ಲಿಗೆ:(ಎನ್‌ಎಸ್‌ಸ್ಟ್ರಿಂಗ್ *)ಗುರಿ ಮಂದಿ:(ಇಂಟ್)ಎಣಿಕೆ;

ಇದನ್ನು ಕರೆಯುವ ಸಾಲು:

ಇಂಟ್ ಮೊತ್ತ = [ವಿಚಾರಣೆ ದರ_ಎಲ್ಲಿಂದ:@"ನವನಗರ" ಎಲ್ಲಿಗೆ:@"ಧಾರವಾಡ" ಮಂದಿ:2];

"ವಿಚಾರಣೆ" ಎಂಬುದು ಸಂದೇಶ ಪಡೆಯುವ ಆಬ್ಜೆಕ್ಟು. ಇದೇ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದಿದ್ದರೆ ದರ("ನವನಗರ", "ಧಾರವಾಡ", 2) ಎಂದಾಗುತ್ತಿತ್ತು. ಅಲ್ಲಿ ಯಾವ ಊರಿನಿಂದ ಯಾವ ಊರಿಗೆ ಎಂಬುದು ಬರೆದವನ ನೆನಪಿನಲ್ಲಿ ಮಾತ್ರ ಇರುತ್ತದೆ. ಆರು ತಿಂಗಳ ನಂತರ ಓದುವವರು ಮೂಲ ಘೋಷಣೆಯನ್ನು ಹುಡುಕಿಕೊಂಡು ಹೋಗಬೇಕು. ಕನ್ನಡದಲ್ಲಿ ಈ ತೊಂದರೆ ನಮಗೆ ಬರುವುದಿಲ್ಲ, ಏಕೆಂದರೆ ನವನಗರದಿಂದ, ಧಾರವಾಡಕ್ಕೆ ಎಂದು ಪದಕ್ಕೆ ವಿಭಕ್ತಿ ಅಂಟಿಕೊಂಡಿರುತ್ತದೆ. ಆಬ್ಜೆಕ್ಟಿವ್-ಸಿಯ ಕೋಲನ್ನಿನ ಹಿಂದಿರುವ ಪದ ಮಾಡುವುದು ವಿಭಕ್ತಿಯ ಕೆಲಸವನ್ನೇ: ಮುಂದೆ ಬರುವ ಬೆಲೆಗೆ ವಾಕ್ಯದಲ್ಲಿ ಏನು ಪಾತ್ರ ಎಂದು ಹೇಳುವುದು.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಾವು "ಧಾರವಾಡಕ್ಕೆ ನವನಗರದಿಂದ" ಎಂದು ತಿರುಗಿಸಿ ಹೇಳಿದರೂ ಅರ್ಥ ಕೆಡುವುದಿಲ್ಲ. ಇಲ್ಲಿ ಕ್ರಮ ತಪ್ಪಿಸುವಂತಿಲ್ಲ. ಕಾರಣ, ಈ ಪದಗಳೆಲ್ಲ ಸೇರಿ ಒಂದೇ ಹೆಸರು. ಮೇಲಿನ ಮೆಥಡ್ಡಿನ ಪೂರ್ತಿ ಹೆಸರು ಇದು:

ದರ_ಎಲ್ಲಿಂದ:ಎಲ್ಲಿಗೆ:ಮಂದಿ:

ಇದಕ್ಕೆ ಸೆಲೆಕ್ಟರ್ ಎನ್ನುತ್ತಾರೆ. ಮೂರು ಕೋಲನ್ನುಗಳೂ ಹೆಸರಿನ ಭಾಗ. ಬಗೆಗಳು ಭಾಗವಲ್ಲ, ಒಳಗಿನ ಹೆಸರುಗಳಾದ ಮೂಲ, ಗುರಿ, ಎಣಿಕೆ ಕೂಡ ಭಾಗವಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಭಾಷೆಯ ಅರ್ಧ ಕಷ್ಟ ಕರಗುತ್ತದೆ ಎಂದು ನಾನು ನಂಬಿದ್ದೇನೆ, ಏಕೆಂದರೆ ಉಳಿದ ಎಷ್ಟೋ ನಿಯಮಗಳು ಇದರಿಂದಲೇ ಹುಟ್ಟುತ್ತವೆ.

ಸಿ++ ಅಥವಾ ಜಾವಾ ಕಲಿತವರು ಒಂದೇ ಹೆಸರಿಗೆ ಬೇರೆ ಬೇರೆ ಬಗೆಯ ಪ್ಯಾರಾಮೀಟರು ಕೊಟ್ಟು ಎರಡು ಮೆಥಡ್ ಬರೆಯುತ್ತಾರೆ. ಇಲ್ಲಿ ಅದು ಸಾಧ್ಯವಿಲ್ಲ. ಬಗೆ ಹೆಸರಿನ ಭಾಗವಲ್ಲವಾದ್ದರಿಂದ ಫಲಕಬರೆ: ಎಂಬುದಕ್ಕೆ ಒಮ್ಮೆ ಸ್ಟ್ರಿಂಗ್, ಇನ್ನೊಮ್ಮೆ ಇಂಟ್ ಕೊಟ್ಟು ಒಂದೇ ಕ್ಲಾಸಿನಲ್ಲಿ, ಅಂದರೆ ಒಂದೇ ಬಗೆಯ ಆಬ್ಜೆಕ್ಟುಗಳ ವಿವರಣೆಯಲ್ಲಿ, ಎರಡು ಸಲ ಘೋಷಿಸಿದರೆ ಕಂಪೈಲರು ತಡೆಯುತ್ತದೆ. ಎರಡಕ್ಕೂ ಬೇರೆ ಹೆಸರಿಡಬೇಕು: ಫಲಕಬರೆ_ಊರು: ಮತ್ತು ಫಲಕಬರೆ_ಸಂಖ್ಯೆ: ಹೀಗೆ. ಅದು ಓದುವವರಿಗೂ ಒಳ್ಳೆಯದು. ಪ್ಯಾರಾಮೀಟರಿಗೆ ತಾನಾಗಿ ಒದಗುವ ಬೆಲೆ ಇಡುವ ಸೌಲಭ್ಯವೂ ಇಲ್ಲ. ಒಬ್ಬರೇ ಪ್ರಯಾಣಿಸುವಾಗ "ಮಂದಿ:1" ಎಂದು ಪ್ರತಿ ಸಲ ಬರೆಯುವುದು ಬೇಸರವೆನಿಸಿದರೆ ದರ_ಎಲ್ಲಿಂದ:ಎಲ್ಲಿಗೆ: ಎಂಬ ಚಿಕ್ಕ ಮೆಥಡ್ ಬರೆದು, ಅದರ ಒಳಗಿನಿಂದ ದೊಡ್ಡದನ್ನು ಮಂದಿ:1 ಎಂದು ಕರೆಯಬೇಕು. ಕೋಲನ್ನುಗಳ ಎಣಿಕೆ ಬೇರೆಯಾದ್ದರಿಂದ ಇವು ಎರಡು ಬೇರೆ ಹೆಸರು, ತಕರಾರಿಲ್ಲ.

ಘೋಷಣೆ ಬರೆಯುವ ಜಾಗ ಹೆಡರ್ ಕಡತ, ಅಂದರೆ ಹೆಸರಿನ ಕೊನೆಗೆ ಎಚ್ ಇರುವ ಕಡತ. ಮಾಡುವ ಕೆಲಸವನ್ನು ಬರೆಯುವುದು ಎಂ ಇರುವ ಕಡತದಲ್ಲಿ. ಹೆಡರು ಹೀಗಿರಲಿ:

@ಇಂಟರ್‌ಫೇಸ್ ಟಿಕೆಟುಕೌಂಟರು : ಎನ್‌ಎಸ್‌ಆಬ್ಜೆಕ್ಟ್
+ (ಇನ್‌ಸ್ಟನ್ಸ್‌ಟೈಪ್)ಕೌಂಟರು_ನಿಲ್ದಾಣ:(ಎನ್‌ಎಸ್‌ಸ್ಟ್ರಿಂಗ್ *)ಹೆಸರು;
- (ಇಂಟ್)ದರ_ಎಲ್ಲಿಗೆ:(ಎನ್‌ಎಸ್‌ಸ್ಟ್ರಿಂಗ್ *)ಗುರಿ ಮಂದಿ:(ಇಂಟ್)ಎಣಿಕೆ;
@ಎಂಡ್

ಇಲ್ಲಿ ಎರಡು ಹೊಸ ಸಂಗತಿಗಳಿವೆ. ಕೂಡಿಸುವ ಗುರುತಿನಿಂದ ಶುರುವಾಗುವ ಮೆಥಡ್ ಕ್ಲಾಸಿಗೇ ಸೇರಿದ್ದು. ಕೌಂಟರು ಇನ್ನೂ ಹುಟ್ಟಿಲ್ಲದಾಗ "ಒಂದು ಕೌಂಟರು ಮಾಡಿಕೊಡು" ಎಂದು ಕೇಳಲು ಆಬ್ಜೆಕ್ಟೇ ಇರುವುದಿಲ್ಲ, ಕ್ಲಾಸನ್ನೇ ಕೇಳಬೇಕು. ಇನ್‌ಸ್ಟನ್ಸ್‌ಟೈಪ್ ಎಂದರೆ ಯಾವ ಕ್ಲಾಸನ್ನು ಕೇಳಿದೆವೋ ಆ ಕ್ಲಾಸಿನದೇ ಆಬ್ಜೆಕ್ಟು ಮರಳಿ ಬರುತ್ತದೆ ಎಂಬ ಮಾತು. ಕರೆಯುವುದು ಹೀಗೆ:

ಟಿಕೆಟುಕೌಂಟರು *ಕೌಂಟರು = [ಟಿಕೆಟುಕೌಂಟರು ಕೌಂಟರು_ನಿಲ್ದಾಣ:@"ನವನಗರ"];

ಎರಡನೆಯದು ಹೆಚ್ಚು ಮುಖ್ಯ. ದರ ಕೇಳುವ ಮೆಥಡ್ಡಿನಲ್ಲಿ "ಎಲ್ಲಿಂದ" ಮಾಯವಾಗಿದೆ, ಮೂರು ಪ್ಯಾರಾಮೀಟರು ಎರಡಾಗಿವೆ. ಈ ಕೌಂಟರು ಹುಟ್ಟುವಾಗಲೇ ತನ್ನ ನಿಲ್ದಾಣದ ಹೆಸರನ್ನು ಒಳಗೆ ಇಟ್ಟುಕೊಂಡಿತು, ಇನ್ನು ಪ್ರತಿ ಸಲ ಹೇಳಬೇಕಿಲ್ಲ. ಊರಿಗೆಲ್ಲ ಸೇರಿದ ವಿಚಾರಣೆಯ ಆಬ್ಜೆಕ್ಟಿಗೆ "ಎಲ್ಲಿಂದ" ಬೇಕು, ನಿಲ್ದಾಣದ ಕೌಂಟರಿಗೆ ಬೇಡ. ಹೊಸಬರ ಕೋಡಿನಲ್ಲಿ ನಾನು ಮೊದಲು ನೋಡುವುದು ಇದನ್ನೇ: ಆಬ್ಜೆಕ್ಟಿಗೆ ಆಗಲೇ ಗೊತ್ತಿರುವುದನ್ನು ಮತ್ತೆ ಪ್ಯಾರಾಮೀಟರಾಗಿ ಕಳಿಸುತ್ತಿದ್ದಾರೆಯೇ? ಆರೇಳು ಪ್ಯಾರಾಮೀಟರಿನ ಮೆಥಡ್ ಕಂಡರೆ ಬಹುತೇಕ ಸಲ ಅವುಗಳಲ್ಲಿ ಮೂರ್ನಾಲ್ಕು ಆಬ್ಜೆಕ್ಟಿನ ಒಳಗೆ ಇರಬೇಕಾದವು. ಗುರುತುಗಳ ನಿಯಮ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಯಾವುದನ್ನು ಕೇಳಬೇಕು, ಯಾವುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು ಎಂಬ ತೀರ್ಮಾನಕ್ಕೆ ಹೆಚ್ಚು ದಿನ ಬೇಕು, ಅದಕ್ಕೆ ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ.

ಎಂ ಕಡತದಲ್ಲಿ ಅದೇ ಸಾಲನ್ನು ಮತ್ತೆ ಬರೆದು, ಕೊನೆಯ ಸೆಮಿಕೋಲನ್ ತೆಗೆದು, ಪುಷ್ಪಾವರಣದೊಳಗೆ ಕೆಲಸ ಬರೆಯುತ್ತೇವೆ:

- (ಇಂಟ್)ದರ_ಎಲ್ಲಿಗೆ:(ಎನ್‌ಎಸ್‌ಸ್ಟ್ರಿಂಗ್ *)ಗುರಿ ಮಂದಿ:(ಇಂಟ್)ಎಣಿಕೆ {
    ಇಂಟ್ ಒಬ್ಬರಿಗೆ = [ಸೆಲ್ಫ್ ಒಬ್ಬರದರ_ಎಲ್ಲಿಗೆ:ಗುರಿ];
    ರಿಟರ್ನ್ ಒಬ್ಬರಿಗೆ * ಎಣಿಕೆ;
}

ಒಬ್ಬರದರ_ಎಲ್ಲಿಗೆ: ಎಂಬುದು ಒಬ್ಬರ ದರ ಹೇಳುವ ಇನ್ನೊಂದು ಮೆಥಡ್, ಅದನ್ನೂ ಇದೇ ಕಡತದಲ್ಲಿ ಬರೆದಿರಬೇಕು. ಹೆಡರಿನಲ್ಲಿ "ಗುರಿ" ಎಂದಿದ್ದನ್ನು ಇಲ್ಲಿ "ಊರು" ಎಂದು ಬರೆದರೂ ನಡೆಯುತ್ತದೆ, ಅದು ಒಳಗಿನ ಹೆಸರಷ್ಟೇ. ಆದರೆ "ಎಲ್ಲಿಗೆ" ಎಂದಿದ್ದನ್ನು "ಎಲ್ಲಿವರೆಗೆ" ಎಂದರೆ ಅದು ಬೇರೆಯೇ ಮೆಥಡ್ ಆಯಿತು. ಆಗ ಘೋಷಿಸಿದ ಮೆಥಡ್ಡಿಗೆ ಕೆಲಸ ಬರೆದಿಲ್ಲವೆಂದು ಕಂಪೈಲರು ಎಚ್ಚರಿಸುತ್ತದೆ. ಎಚ್ಚರಿಕೆ ಮಾತ್ರ, ತಡೆ ಅಲ್ಲ. ಎಚ್ಚರಿಕೆಯ ಹಳದಿ ಗುರುತನ್ನು ಕಡೆಗಣಿಸಿ ಮುಂದೆ ಹೋದರೆ ಪ್ರೋಗ್ರಾಮು ಓಡುತ್ತ ಆ ಮೆಥಡ್ಡನ್ನು ಕರೆದಾಗ ಬೀಳುತ್ತದೆ. ಹಳದಿಯನ್ನೂ ತಡೆಯ ಕೆಂಪೆಂದೇ ತಿಳಿದು ತಿದ್ದುವ ರೂಢಿ ಮೊದಲ ದಿನದಿಂದಲೇ ಇರಲಿ.

ಸೆಲ್ಫ್ ಎಂಬ ಪದವನ್ನು ನಾವು ಎಲ್ಲೂ ಘೋಷಿಸಲಿಲ್ಲ, ಆದರೂ ಬಳಸಿದೆವು. ಕಂಪೈಲರು ಪ್ರತಿ ಮೆಥಡ್ಡಿಗೂ ಎರಡು ಪ್ಯಾರಾಮೀಟರುಗಳನ್ನು ತಾನೇ ಸೇರಿಸುತ್ತದೆ: ಸಂದೇಶ ಪಡೆದ ಆಬ್ಜೆಕ್ಟು, ಅಂದರೆ ಸೆಲ್ಫ್, ಮತ್ತು ಬಂದ ಸಂದೇಶದ ಸೆಲೆಕ್ಟರು. ಚೌಕ ಆವರಣದ ಪ್ರತಿ ಕರೆಯೂ ಒಳಗೆ ಒಂದು ಸಿ ಫಂಕ್ಷನ್ನಿನ ಕರೆಯಾಗುತ್ತದೆ. ಆ ಫಂಕ್ಷನ್ನು ಆಬ್ಜೆಕ್ಟಿನ ಕ್ಲಾಸಿಗೆ ಹೋಗಿ ಆ ಸೆಲೆಕ್ಟರಿಗೆ ಯಾವ ಕೆಲಸ ಬರೆದಿದೆ ಎಂದು ಹುಡುಕಿ, ಸಿಕ್ಕಿದ್ದನ್ನು ನಡೆಸುತ್ತದೆ. ಹುಡುಕಾಟ ನಡೆಯುವುದು ಪ್ರೋಗ್ರಾಮು ಓಡುವಾಗ. ಸಿ ಬಲ್ಲವರು ಇದನ್ನು ಗಮನವಿಟ್ಟು ತಿಳಿಯಬೇಕು, ಸಿ ಭಾಷೆಯಲ್ಲಿ ಸಾಮಾನ್ಯ ಕರೆಗಳ ಗುರಿ ಓಡುವ ಮೊದಲೇ ನಿಶ್ಚಯವಾಗಿರುತ್ತದೆ.

ಹುಡುಕುವುದಕ್ಕೆ ಆಬ್ಜೆಕ್ಟೇ ಇಲ್ಲದಿದ್ದರೆ? "ಕೌಂಟರು" ಎಂಬ ಹೆಸರು ಮಾತ್ರ ಇದ್ದು, ಅದರಲ್ಲಿ ನಿಲ್ ಇದ್ದರೆ, ಅಂದರೆ ಕೌಂಟರನ್ನು ಮಾಡಿಯೇ ಇಲ್ಲದಿದ್ದರೆ, ದರ ಕೇಳುವ ಸಾಲು ಬೀಳುವುದಿಲ್ಲ. ಸದ್ದಿಲ್ಲದೆ 0 ಮರಳಿಸುತ್ತದೆ. ಪ್ರಯಾಣಿಕನಿಗೆ ಪರದೆಯ ಮೇಲೆ ದರ ಸೊನ್ನೆ ರೂಪಾಯಿ ಎಂದು ಕಾಣುತ್ತದೆ. ಲೆಕ್ಕದ ಸೂತ್ರ ತಪ್ಪಿದೆ ಎಂದು ಮೆಥಡ್ಡಿನ ಒಳಗೆ ಹುಡುಕುತ್ತ ಕೂರುವವರೇ ಹೆಚ್ಚು, ತಪ್ಪು ಇರುವುದು ಕರೆದ ಜಾಗದಲ್ಲಿ. ಕಾರಣವಿಲ್ಲದೆ ಸೊನ್ನೆ ಕಂಡರೆ ಮೊದಲು ಚೌಕ ಆವರಣದ ಎಡತುದಿಯಲ್ಲಿರುವ ಆಬ್ಜೆಕ್ಟು ನಿಲ್ ಆಗಿದೆಯೇ ನೋಡಿ.

ಪ್ಯಾರಾಮೀಟರಾಗಿ ಕೊಟ್ಟದ್ದು ಮೆಥಡ್ಡಿನ ಒಳಗೆ ಬದಲಾದರೆ ಹೊರಗೂ ಬದಲಾಗುತ್ತದೆಯೇ ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಇಂಟ್ ಕೊಟ್ಟರೆ ಅದರ ಪ್ರತಿ ಒಳಗೆ ಹೋಗುತ್ತದೆ; ಒಳಗೆ "ಎಣಿಕೆ = 5" ಎಂದರೂ ಹೊರಗಿನ 2 ಹಾಗೇ ಉಳಿಯುತ್ತದೆ. ಆಬ್ಜೆಕ್ಟು ಕೊಟ್ಟರೆ ವಿಳಾಸದ ಪ್ರತಿ ಹೋಗುತ್ತದೆ. ಆ ವಿಳಾಸದಲ್ಲಿರುವುದು ತಿದ್ದಬಹುದಾದ ಪಟ್ಟಿಯಾಗಿದ್ದು, ಒಳಗೆ ಅದಕ್ಕೆ ಇನ್ನೊಂದು ನಿಲ್ದಾಣ ಸೇರಿಸಿದರೆ ಹೊರಗಿನವರಿಗೂ ಕಾಣುತ್ತದೆ, ಏಕೆಂದರೆ ಪಟ್ಟಿ ಒಂದೇ. ಒಳಗಿನ ಹೆಸರಿಗೆ ಬೇರೆಯೇ ಪಟ್ಟಿಯನ್ನು ಹಚ್ಚಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಕೋಡಿನಲ್ಲಿ ಎನ್‌ಎಸ್‌ಎರರ್ ಮುಂದೆ ಎರಡು ನಕ್ಷತ್ರ ಕಂಡು ಬೆದರುವವರಿದ್ದಾರೆ. ಹೊರಗಿನ ಹೆಸರಿಗೇ ಹೊಸ ಆಬ್ಜೆಕ್ಟು ಹಚ್ಚಿಕೊಡಬೇಕಾದಾಗ ಬಳಸುವ ದಾರಿ ಅದು: ಮೆಥಡ್ ಸೋತರೆ ಕಾರಣವನ್ನು ಅಲ್ಲಿ ಇಟ್ಟುಹೋಗುತ್ತದೆ.

ಹೆಸರಿಡುವುದರಲ್ಲಿ ಕೆಲವು ಕಟ್ಟುಪಾಡುಗಳಿವೆ. ಲೇಬಲ್ಲುಗಳ, ಅಂದರೆ ಕೋಲನ್ನಿನ ಹಿಂದಿನ ಪದಗಳ, ನಡುವೆ "ಮತ್ತು" ತುರುಕಬೇಡಿ. ಬೆಲೆ ಮರಳಿಸುವ ಮೆಥಡ್ಡಿಗೆ ಇಂಗ್ಲಿಷಿನ "ಗೆಟ್" ಹಚ್ಚುವ ರೂಢಿ ಇಲ್ಲಿಲ್ಲ. ಇಂಗ್ಲಿಷಿನಲ್ಲಿ ಹೆಸರಿಡುವಾಗ ನ್ಯೂ, ಕಾಪಿ, ಅಲಾಕ್, ಇನಿಟ್ ಎಂಬ ಪದಗಳಿಂದ ಶುರುಮಾಡುವ ಮುನ್ನ ಯೋಚಿಸಿ. ಮೆಮೊರಿಯನ್ನು ಯಾರು ಬಿಡಬೇಕೆಂದು ಕಂಪೈಲರು ಆ ಪದಗಳನ್ನು ನೋಡಿಯೇ ತೀರ್ಮಾನಿಸುತ್ತದೆ. ಉದ್ದದ ಹೆಸರಿಗೆ ಹೆದರಬೇಕಿಲ್ಲ. ಲೇಬಲ್ ಇಟ್ಟು ವಾಕ್ಯದಂತೆ ಬರೆಯುವ ಈ ರೂಢಿಯನ್ನು ಸ್ವಿಫ್ಟ್ ಕೂಡ ಉಳಿಸಿಕೊಂಡಿತು, ಹಾಗಾಗಿ ಇಲ್ಲಿ ಬೆಳೆಸಿಕೊಂಡ ಅಭ್ಯಾಸ ಅಲ್ಲಿಗೂ ಬರುತ್ತದೆ.

ಮ್ಯಾಕ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಕಲಿಯಲು ಅದು ಬೇಕಾಗಿಯೂ ಇಲ್ಲ. ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಲಾಂಗ್ ಮತ್ತು ಗ್ನೂಸ್ಟೆಪ್ ಎಂಬ ಲೈಬ್ರರಿ ಹಾಕಿಕೊಂಡರೆ ಎನ್‌ಎಸ್‌ಸ್ಟ್ರಿಂಗ್, ಎನ್‌ಎಸ್‌ಆಬ್ಜೆಕ್ಟ್ ಎಲ್ಲವೂ ಸಿಗುತ್ತವೆ, ಎರಡೂ ಉಚಿತ. ಐಫೋನಿನ ಪರದೆ ಕಟ್ಟಲು ಬಾರದು, ಆದರೆ ಕ್ಲಾಸು, ಮೆಥಡ್ಡು, ಪ್ಯಾರಾಮೀಟರುಗಳನ್ನು ಪೂರ್ತಿ ಕಲಿಯಬಹುದು.

ಹಾಗೆ ಬರೆದು ನೋಡುವಾಗ ಒಂದಲ್ಲ ಒಂದು ದಿನ ಪರದೆಯ ಮೇಲೆ ಒಂದು ಸಾಲು ಬಂದೇ ಬರುತ್ತದೆ: "ಅನ್‌ರೆಕಗ್ನೈಸ್ಡ್ ಸೆಲೆಕ್ಟರ್ ಸೆಂಟ್ ಟು ಇನ್‌ಸ್ಟನ್ಸ್". ಕಳಿಸಿದ ಸಂದೇಶ ಆ ಆಬ್ಜೆಕ್ಟಿಗೆ ತಿಳಿಯಲಿಲ್ಲ ಎಂದರ್ಥ. ಆಪಲ್‌ನ ವ್ಯವಸ್ಥೆಯಲ್ಲಿ ಅದರ ಎಡಕ್ಕೇ ಅಡ್ಡಗೆರೆ, ಕ್ಲಾಸಿನ ಹೆಸರು, ಪೂರ್ತಿ ಸೆಲೆಕ್ಟರು ಬರೆದಿರುತ್ತವೆ. ಗಾಬರಿಯಾಗದೆ ಅದನ್ನು ಎಡದಿಂದ ಓದಿ. ಗುರುತು ನೀವು ಘೋಷಿಸಿದ್ದೇ ಆಗಿದೆಯೇ? ಕ್ಲಾಸು ನೀವು ಅಂದುಕೊಂಡದ್ದೇ ಆಗಿದೆಯೇ? ಎರಡೂ ಸರಿಯಿದ್ದರೆ ಸೆಲೆಕ್ಟರಿನ ಕೋಲನ್ನುಗಳನ್ನು ಎಣಿಸಿ. ಗುಂಡಿ ಒತ್ತಿದಾಗ ನಡೆಯಬೇಕಾದ ಮೆಥಡ್ಡನ್ನು ಹೆಸರಿನಿಂದ ಜೋಡಿಸುವಾಗ ಈ ತಪ್ಪು ಪದೇ ಪದೇ ಆಗುತ್ತದೆ: ಬರೆದದ್ದು ಟಿಕೆಟುಕೊಡು: ಎಂದು, ಗುಂಡಿಗೆ ಹೇಳಿದ್ದು ಟಿಕೆಟುಕೊಡು ಎಂದು. ಗುಂಡಿಯ ಸಾಲಿನಲ್ಲಿ ಒಂದು ಕೋಲನ್ ಸೇರಿಸಿ ಮತ್ತೆ ಓಡಿಸಿ.